ಸ್ಪೀಕರಿನ ಹೆಂಗಸು

ಕೂತ ಕುರ್ಚಿ ಬಿಸಿಯಾಗುವ ಮೊದಲೇ ಸ್ಪೀಕರ್ ಶುರುವಾಯಿತು. ಮಕ್ಕಳ ಚಿಕಿತ್ಸಾಲಯದ ಕಾಯುವ ಕೋಣೆಯಲ್ಲಿ, ಗೋಡೆ ಗಡಿಯಾರದ ಪಕ್ಕ ನೇತುಹಾಕಿದ್ದ ಆ ಕರಿ ಪೆಟ್ಟಿಗೆಯಿಂದ ಅವಳದೇ ದನಿ ಅವಳಿಗೆ ಬುದ್ಧಿ ಹೇಳತೊಡಗಿತು. 'ನಾನೂ ಒಬ್ಬ ತಾಯಿ. ನನ್ನ ಮಗುವಿಗೆ ನನ್ನ ಹಾಲು ಮಾತ್ರ. ಮನಸ್ಸು ಮಾಡಿದರೆ ಇದು ಪ್ರತಿಯೊಬ್ಬ ತಾಯಿಗೂ ಸಾಧ್ಯ.' ಆಮೇಲೆ ಕೊಳಲು. ಕೊಳಲು ಮುಗಿದು ಒಂದಿಷ್ಟು ಹೊತ್ತು ನೆಮ್ಮದಿ, ಮತ್ತೆ ಅದೇ. ಎಷ್ಟು ಇಂಪಾಗಿದೆ ಹಾಳು ದನಿ, ಎಂದುಕೊಂಡಳು. ತೊಡೆಯ ಮೇಲಿದ್ದ ಮಗಳು ತಟ್ಟನೆ ಕತ್ತು ಹೊರಳಿಸಿ, ಅಮ್ಮ ಅಲ್ಲಿ ಮೇಲೆ ಹತ್ತಿ ಏನು ಮಾಡುತ್ತಿದ್ದಾಳೆ ಎಂಬಂತೆ ಸ್ಪೀಕರನ್ನೇ ದಿಟ್ಟಿಸಿತು. ಅದನ್ನು ಮನೆಯಲ್ಲಿ ಎಲ್ಲರೂ ಕರೆಯುವುದು ಮೂಟೆ ಎಂದು, ಕರೆದದ್ದರಲ್ಲಿ ತಪ್ಪೇನೂ ಇರಲಿಲ್ಲ. ಮೂಟೆಯ ಗಲ್ಲ ಹಿಡಿದು ಈಚೆ ತಿರುಗಿಸಿದಳು. ಅದು ಮತ್ತೆ ಆಚೆ ತಿರುಗಿತು. ಈ ಕೂಸಿಗೆ ಇನ್ನೂ ಮಾತು ಬಾರದಿರುವುದು ತನ್ನ ಪುಣ್ಯ, ಬಂದಿದ್ದರೆ ಮೊದಲು ಬಯಲಿಗೆ ಎಳೆಯುವುದೇ ಕಾಲ ಬುಡದ ಚೀಲದಲ್ಲಿ ಹಳೆ ಟವೆಲ್ಲಿನೊಳಗೆ ಸುತ್ತಿಟ್ಟ ಹಾಲಿನ ಬಾಟಲಿಯನ್ನು, ಎನ್ನಿಸಿತು. ಇಲ್ಲಿಗೆ ಬಂದಾಗಲೆಲ್ಲ ಅವಳು ಮೂಗು ಕಟ್ಟಿದವರ ಹಾಗೆ ಮಾತಾಡುತ್ತಿದ್ದಳು, ದನಿಯ ಗುರುತು ಸಿಗದಿರಲಿ ಎಂದು. ನರ್ಸಮ್ಮ ಪಾಪ, ಪ್ರತಿ ಸಲವೂ ಬಿಸಿನೀರಿನ ಹಬೆ ತೆಗೆದುಕೊಳ್ಳಲು ಹೇಳಿ ಕಳಿಸುತ್ತಿದ್ದಳು.

ಪಕ್ಕದಲ್ಲಿ ಅತ್ತೆ ಕೂತಿದ್ದರು, ದೊಡ್ಡ ಚರ್ಮದ ಚೀಲವನ್ನು ತೊಡೆಯ ಮೇಲಿಟ್ಟು ಅದರ ಮೇಲೆ ಎರಡೂ ಕೈ ಜೋಡಿಸಿಕೊಂಡು. ಆ ಚೀಲವನ್ನು ಈಚೆಗೆ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಜೀವಮಾನವನ್ನೆಲ್ಲ ಗ್ರಂಥಾಲಯದಲ್ಲಿ ಬೇರೆಯವರ ಬಾಯಿ ಮುಚ್ಚಿಸುತ್ತ ಕಳೆದು ನಿವೃತ್ತರಾದವರು ಅತ್ತೆ. ಮನೆಯಲ್ಲಿಯೂ ಅವರ ಮಾತು ಪಿಸುಗುಟ್ಟುವಷ್ಟೇ ಇರುತ್ತಿತ್ತು. ದನಿ ಏರುತ್ತಿದ್ದದ್ದು ಒಂದೇ ವಿಷಯಕ್ಕೆ. ಮೆಟ್ಟಿಲ ಮೇಲೆ ಎದುರಾದವರಿಗೆ, ಪೇಪರು ಹಾಕುವವನಿಗೆ, ಮೇಲಿನ ಮನೆಯ ಕಿವುಡು ಅಜ್ಜನಿಗೆ ಕೂಡ, 'ನಮ್ಮ ಸೊಸೆ ಬಾಟಲಿ ಅಂದ್ರೆ ಏನು ಅಂತಾನೇ ತೋರಿಸಿಲ್ಲ ಮಗೂಗೆ' ಎಂದು ಕೂಗಿ ಹೇಳುತ್ತಿದ್ದರು. ಅಜ್ಜ ಪ್ರತಿ ಸಲವೂ 'ಒಳ್ಳೇದು, ನನಗೂ ಮಂಡಿ ನೋವು' ಎನ್ನುತ್ತಿದ್ದ. ಅವಳಿಗೆ ನೆಲ ಬಾಯಿಬಿಡಬಾರದೇ ಎನ್ನಿಸುತ್ತಿತ್ತು. ಇಷ್ಟು ಅಭಿಮಾನಪಡುವ ಅತ್ತೆಗೆ ನಿಜ ಗೊತ್ತಾದ ದಿನ ಏನಾಗುತ್ತದೆ ಎಂದು ಅವಳು ಎಷ್ಟೋ ಸಲ ಕಲ್ಪಿಸಿಕೊಂಡಿದ್ದಳು. ಅವರು ಬೈಯುವುದಿಲ್ಲ, ಅದು ಗೊತ್ತು. ಕನ್ನಡಕ ತೆಗೆದು, ಹರಿದ ಪುಸ್ತಕ ವಾಪಸು ತಂದವರನ್ನು ನೋಡುವ ಹಾಗೆ ನೋಡುತ್ತಾರೆ. ಅದಕ್ಕಿಂತ ಬೈದರೇ ವಾಸಿ.

ಆ ಸಾಲುಗಳನ್ನು ಹೇಳುವಾಗ ಅವಳಿನ್ನೂ ಬಸುರಿ. ಕಂಠದಾನ ಅವಳ ಕಸುಬು: ಸಿನಿಮಾದ ನಾಯಕಿಯರು, ನೋವಿನ ಮುಲಾಮು, ಟೆಲಿಫೋನಿನೊಳಗೆ ಕಾಯಿರಿ ಎನ್ನುವ ಸಭ್ಯ ಹೆಂಗಸು, ಎಲ್ಲ ಅವಳೇ. ಗಾಜಿನಾಚೆಯಿಂದ ನಿರ್ದೇಶಕ, 'ಇನ್ನೊಂಚೂರು ತಾಯ್ತನ ಹಾಕಿ ಮೇಡಂ' ಎಂದಿದ್ದ, ಉಪ್ಪು ಕಡಿಮೆಯಾಗಿದೆ ಎನ್ನುವ ಹಾಗೆ. ಹಾಕಿದ್ದಳು. ಊಟದ ಹೊತ್ತು ಮೀರಿತ್ತು, ಹೊಟ್ಟೆಯೊಳಗಿನ ಮೂಟೆ ಒದೆಯುತ್ತಿತ್ತು, ಬೇಗ ಮುಗಿದರೆ ಸಾಕು ಎಂದುಕೊಳ್ಳುತ್ತಲೇ 'ನಾನೂ ಒಬ್ಬ ತಾಯಿ' ಎಂದಿದ್ದಳು, ಒಂದೇ ಸಲಕ್ಕೆ ಸರಿಹೋಗಿತ್ತು. ಮನಸ್ಸು ಮಾಡಿದರೆ ಎನ್ನುವಾಗ ಮನಸ್ಸನ್ನು ಎಲ್ಲಿಂದ ತರುವುದು, ಅದನ್ನು ಎದೆಯ ಯಾವ ಭಾಗಕ್ಕೆ ಒಯ್ಯುವುದು, ಯಾರಿಗೆ ಗೊತ್ತಿತ್ತು? ಹೆರಿಗೆಯಾದ ಮೇಲೆ ಗೊತ್ತಾಯಿತು. ಬಂದವರೆಲ್ಲ 'ಹಾಲು ಬಂತಾ?' ಎಂದು ಕೇಳುತ್ತಿದ್ದರು, ಅಂಚೆ ಬಂತಾ ಎಂದು ಕೇಳುವ ಹಾಗೆ. ಚಿಕ್ಕಮ್ಮ ಮಗುವಿನ ತಲೆ ಈ ಕಡೆ ಹಿಡಿ ಎಂದರೆ ದೊಡ್ಡಮ್ಮ ಆ ಕಡೆ ಹಿಡಿ ಎಂದಳು, ಯಾವಳೋ ಗೆಳತಿ ಫೋನಿನಲ್ಲಿ ಜಲಪಾತದ ವಿಡಿಯೋ ಕಳಿಸಿ ಇದನ್ನು ನೋಡುತ್ತ ಕುಡಿಸು ಎಂದಳು. ಮೂಟೆ ಎದೆಗೆ ಬಾಯಿ ಹಚ್ಚುವುದು, ಎಳೆಯುವುದು, ಏನೂ ಸಿಗದೆ ತಲೆ ಹಿಂದಕ್ಕೆಸೆದು ಮುಖ ಕೆಂಪು ಮಾಡಿಕೊಂಡು ಇವಳನ್ನು ನೋಡುವುದು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಆಶ್ಚರ್ಯವಿತ್ತು. ಅಂಗಡಿ ತೆರೆದಿದೆ, ಸಾಮಾನು ಯಾಕಿಲ್ಲ? ಅವಳಿಗೆ ಆಗ ಆದಷ್ಟು ಅವಮಾನ ಹಿಂದೆಂದೂ ಆಗಿರಲಿಲ್ಲ, ಅದೂ ಮೊಣಕೈಯುದ್ದದ ಒಂದು ಜೀವದಿಂದ.

ತಮಾಷೆಯೆಂದರೆ ಹಾಲು ಇಲ್ಲದೆಯೂ ಇರಲಿಲ್ಲ. ಕೆಲಸಕ್ಕೆ ಮರಳಿದ ಮೊದಲ ವಾರ ಒಂದು ಕಾರ್ಟೂನಿಗೆ ಮಗುವಿನ ಅಳು ಬೇಕಿತ್ತು, ಮಕ್ಕಳ ಅಳುವಿಗೆ ಊರಲ್ಲೆಲ್ಲ ಅವಳೇ ಎತ್ತಿದ ಕೈ. ಮೈಕಿನ ಮುಂದೆ ನಿಂತು, ಗಂಟಲನ್ನು ಕಿರಿದು ಮಾಡಿ, ಮೂಗಿನಿಂದ ಶುರುಮಾಡಿ ಮೇಲಕ್ಕೇರಿಸಿದಳು. ಪರದೆಯ ಮೇಲೆ ಒಂದು ಕರಡಿಮರಿ ಬಾಯಿ ಬಿಡುತ್ತಿತ್ತು. ಇನ್ನೇನು ಉಸಿರು ತೆಗೆದುಕೊಳ್ಳಬೇಕು, ಎದೆಯೊಳಗೆ ಸಣ್ಣಗೆ ಚುಚ್ಚಿದ ಹಾಗಾಗಿ ಅಂಗಿಯ ಮುಂಭಾಗವೆಲ್ಲ ಹಾಲಿನಿಂದ ಒದ್ದೆ. ತನ್ನದೇ ಅಳುವಿಗೆ ತಾನೇ ಕರಗಿದ್ದಳು. ರೆಕಾರ್ಡಿಂಗಿನವನು ತಲೆ ಬಗ್ಗಿಸಿ ತನ್ನ ಗುಂಡಿಗಳನ್ನು ನೋಡುತ್ತ, 'ಟೇಕ್ ಚೆನ್ನಾಗಿ ಬಂತು ಅಕ್ಕ' ಎಂದ. ಸಿಕ್ಕ ಆಟೋ ಹಿಡಿದು ಮನೆಗೆ ಓಡಿದಳು. ಅಲ್ಲಿ ಮೂಟೆಯ ಅಸಲಿ ಅಳು ಕೇಳಿದ್ದೇ ತಡ, ಎಲ್ಲ ಬಂದ್. ಅವಳ ಮೈಗೆ ನಟನೆಯೇ ರುಚಿಸಿತ್ತೋ ಏನೋ. ಮತ್ತೊಂದು ದಿನ ಬಚ್ಚಲ ಬಾಗಿಲು ಹಾಕಿಕೊಂಡು, ಕೈಯಲ್ಲೊಂದು ಲೋಟ ಹಿಡಿದು, ಕರಡಿಮರಿಯ ಅಳುವನ್ನು ಮೊದಲಿನಿಂದ ಅತ್ತಳು. ಎರಡು ಹನಿ ಬಿದ್ದಿರಬೇಕು, ಅಷ್ಟರಲ್ಲಿ ಅತ್ತೆ ಬಾಗಿಲು ಬಡಿದರು. 'ಒಳಗೆ ಯಾವ ಮಗು ಅಮ್ಮಾ ಅದು? ನಮ್ಮದು ನನ್ನ ಕೈಯಲ್ಲೇ ಇದೆಯಲ್ಲ?' ಅವಳು ನಲ್ಲಿ ಜೋರಾಗಿ ಬಿಟ್ಟು, ಡಬ್ಬಿಂಗ್ ಪ್ರಾಕ್ಟೀಸ್ ಎಂದಳು. ಅತ್ತೆ ಮೂಟೆಯನ್ನು ಮಾತಾಡಿಸುತ್ತ ನಡುಮನೆಗೆ ಹೋದರು.

ಡಬ್ಬಿ ಹಾಲು ತಂದದ್ದು ಅದರ ಮರುದಿನ. ತಮ್ಮ ಬೀದಿ ಬಿಟ್ಟು ಎಲ್ಲೋ ದೂರದ ಔಷಧಿ ಅಂಗಡಿಗೆ ಹೋಗಿ, ದುಪಟ್ಟಾ ತಲೆಮೇಲೆ ಎಳೆದುಕೊಂಡು, ಬೇರೆ ಗಿರಾಕಿಗಳೆಲ್ಲ ಹೋದ ಮೇಲೆ ಪಿಸುದನಿಯಲ್ಲಿ ಕೇಳಿದಳು. ಅಂಗಡಿಯವನು ಏನೂ ಕೇಳದೆ ಅದನ್ನು ಮುಟ್ಟಿನ ಪ್ಯಾಡಿನ ಹಾಗೆ ಪೇಪರಿನಲ್ಲಿ ಸುತ್ತಿ ಕೊಟ್ಟ. ಉಣ್ಣೆ ಶಾಲುಗಳ ಪೆಟ್ಟಿಗೆಯ ತಳಕ್ಕೆ ಅದನ್ನು ತಳ್ಳಿದಳು. ಸ್ಟುಡಿಯೋಗೆ ಹೋಗುವ ಮುನ್ನ ಫ್ರಿಜ್ಜಿನಲ್ಲಿ ಒಂದು ಪುಟ್ಟ ಗಾಜಿನ ಪಾತ್ರೆ ಇಡುತ್ತಿದ್ದಳು, ಅತ್ತೆ ಅದರಿಂದ ಚಮಚದಲ್ಲಿ ಕುಡಿಸಲಿ ಎಂದು. ತಳದಲ್ಲಿ ಅವಳದೇ ಹಾಲು ಒಂದು ಚೂರು, ಮೇಲೆಲ್ಲ ಡಬ್ಬಿಯದು. ಅತ್ತೆ ಆ ಪಾತ್ರೆಯನ್ನು ಎರಡೂ ಕೈಯಲ್ಲಿ ಹಿಡಿದು, ಅಪರೂಪದ ಹಸ್ತಪ್ರತಿ ಎತ್ತಿಕೊಳ್ಳುವ ಹಾಗೆ ಎತ್ತಿಕೊಳ್ಳುತ್ತಿದ್ದರು. 'ಒಂದು ತೊಟ್ಟೂ ಚೆಲ್ಲಲ್ಲ ಕಣೇ, ನೀನು ಹೋಗಿ ಬಾ' ಎನ್ನುತ್ತಿದ್ದರು. ಲಿಫ್ಟ್ ರಿಪೇರಿ ಮಾಡುವ ಗಂಡನಿಗೂ ಅವಳು ಹೇಳಿರಲಿಲ್ಲ. ಹೇಳಬಹುದಿತ್ತು, ಅವನು ಒಳ್ಳೆಯವನೇ. ಆದರೆ ಅವನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ, ಮುಖ ನೋಡಿದರೇ ಅತ್ತೆಗೆ ಗೊತ್ತಾಗುತ್ತದೆ ಎಂದು ಸುಮ್ಮನಾಗಿದ್ದಳು. ಗುಟ್ಟು ಇಟ್ಟುಕೊಳ್ಳಲು ಮನೆಯಲ್ಲಿ ಬರುವುದು ತನಗೊಬ್ಬಳಿಗೇ ಎಂಬ ಸಣ್ಣ ಹೆಮ್ಮೆಯೂ ಇತ್ತೆನ್ನಿ.

'ಮೂಟೆ!' ಎಂದು ನರ್ಸಮ್ಮ ಒಳಗಿಂದ ಕೂಗಿದಳು. ಅವಳ ಬಾಯಿಗೂ ಆ ಹೆಸರೇ ಹತ್ತಿತ್ತು. ತಕ್ಕಡಿಯ ತಟ್ಟೆಯಲ್ಲಿ ಮಲಗಿಸಿದ್ದೇ ಮುಳ್ಳು ಓಡಿತು, ನಿಲ್ಲಬೇಕಾದ ಕಡೆ ನಿಲ್ಲದೆ ಇನ್ನೂ ಮುಂದೆ ಹೋಗಿ ನಡುಗುತ್ತ ನಿಂತಿತು. ನರ್ಸಮ್ಮ ಮಗುವನ್ನು ಎತ್ತಿ, ತಕ್ಕಡಿಗೆ ಅಂಗೈಯಿಂದ ಒಂದು ಕೊಟ್ಟು, ಮತ್ತೆ ಮಲಗಿಸಿದಳು. ಮುಳ್ಳು ಮತ್ತೆ ಅಲ್ಲಿಗೇ ಹೋಯಿತು.

'ಏನು ಕೊಡ್ತಿದ್ದೀರಮ್ಮ ಇವಳಿಗೆ? ಇಷ್ಟು ಬೇಗ ಇಷ್ಟು ತೂಕ ಬರಬಾರದು.'

ಅವಳು ಮೂಗು ಕಟ್ಟಿಸಿಕೊಂಡು ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಅತ್ತೆ, ಇಡೀ ಕೋಣೆಗೆ ಕೇಳುವ ಹಾಗೆ, 'ಬರೀ ತಾಯಿ ಹಾಲು. ಬೇರೆ ಒಂದು ತೊಟ್ಟು ಇಲ್ಲ' ಎಂದರು. ಹೇಳುವಾಗ ಚೀಲವನ್ನು ಎದೆಗವಚಿಕೊಂಡದ್ದನ್ನು ಅವಳು ಕಂಡಳು, ಅದೇನೆಂದು ಯೋಚಿಸುವ ಸ್ಥಿತಿಯಲ್ಲಿರಲಿಲ್ಲ. ತನ್ನನ್ನು ನಂಬಿ ಅತ್ತೆ ಇಷ್ಟು ಜೋರಾಗಿ ಹೇಳುತ್ತಿದ್ದಾರಲ್ಲ ಎಂದು ತಲೆ ತಗ್ಗಿಸಿದಳು. ನರ್ಸಮ್ಮ ಅವರಿಬ್ಬರನ್ನೂ ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಸಾಲಿನಲ್ಲಿ ಹಿಂದೆ ನಿಂತಿದ್ದ ಒಬ್ಬಳನ್ನು ಕರೆದು ಅವಳ ಮಗುವನ್ನು ಮಲಗಿಸಿದಳು. ಮುಳ್ಳು ಅಲುಗಾಡಿತು, ಅಷ್ಟೇ. ಎಲ್ಲಿಗೂ ಹೊರಡದ ಬಸ್ಸಿನ ಹಾಗೆ. 'ಹೋದ ಸಲ ಎಷ್ಟಿದ್ದನೋ ಅಷ್ಟೇ ಇದ್ದಾನೆ. ಮೇಲಿನ ಹಾಲು ಏನಾದ್ರೂ ಕೊಡ್ತಿದ್ದೀಯಾ?' ಆ ತಾಯಿ ಇಲ್ಲವೆಂದು ತಲೆಯಾಡಿಸಿದಳು. 'ಡಾಕ್ಟರು ಬರೋದು ಇನ್ನೂ ಹೊತ್ತಾಗುತ್ತೆ. ಅಲ್ಲಿವರೆಗೆ ಇವರ ಹತ್ರ ಕೂತು ಹೇಗೆ ಕುಡಿಸ್ತಾರೆ ಅಂತ ಕೇಳಿ ತಿಳ್ಕೊ,' ಎಂದು ನರ್ಸಮ್ಮ ಮೂಟೆಯ ಅಮ್ಮನನ್ನು ತೋರಿಸಿದಳು.

ಹೀಗೆ ಅವಳು ಮೇಷ್ಟರಾದಳು. ಪಕ್ಕದಲ್ಲಿ ಬಂದು ಕೂತವಳು ದರ್ಜಿ ಹೆಂಗಸು. ಅಳತೆಯ ಟೇಪು ಇನ್ನೂ ಕೊರಳಲ್ಲೇ ನೇತಾಡುತ್ತಿತ್ತು, ರವಿಕೆಯ ಅಂಚಿಗೆ ದಾರ ಸಮೇತ ಸೂಜಿ ಚುಚ್ಚಿಕೊಂಡಿದ್ದಳು, ಅಂಗಡಿಯಿಂದ ನೇರ ಎದ್ದು ಬಂದಿರಬೇಕು. ಅವಳ ಮಗು ತನ್ನ ದೊಗಳೆ ಅಂಗಿಯೊಳಗೆ ಎಲ್ಲೋ ಇತ್ತು. ಮೂಟೆ ಕೈಚಾಚಿ ಆ ಅಂಗಿಯ ತುದಿ ಹಿಡಿದುಕೊಂಡಳು.

'ಹೇಳಿ ಅಕ್ಕ,' ಎಂದಳು ದರ್ಜಿ ಹೆಂಗಸು. 'ನಾನು ಎಲ್ಲ ಮಾಡಿದೆ. ಮೆಷಿನ್ನು ನಿಲ್ಲಿಸಿ ನಿಲ್ಲಿಸಿ ಕುಡಿಸ್ತೀನಿ. ಬರೋದೇ ಇಲ್ಲ. ನಮ್ಮ ಅಕ್ಕ ಡಬ್ಬಿ ತಂದುಕೊಟ್ಟಿದ್ಲು, ವಾಪಸು ಕಳಿಸಿದೆ.'

'ಯಾಕೆ?' ಮೂಗಿನಲ್ಲೇ ಕೇಳಿದಳು.

'ಯಾಕಂದ್ರೆ? ಮನಸ್ಸು ಮಾಡಿದ್ರೆ ಎಲ್ಲಾರ್ಗೂ ಬರುತ್ತಂತಲ್ಲ. ಡಬ್ಬಿ ಕೊಟ್ರೆ ನಂಗೆ ಮನಸ್ಸಿಲ್ಲ ಅಂತ ಆಯ್ತಲ್ಲ.' ಸರಿಯಾಗಿ ಆ ಹೊತ್ತಿಗೇ ಕೊಳಲು ನಿಂತು ಸ್ಪೀಕರ್ 'ನಾನೂ ಒಬ್ಬ ತಾಯಿ' ಎಂದಿತು. ದರ್ಜಿ ಹೆಂಗಸು ತಲೆಯೆತ್ತಿ, ಬಾಕಿ ಇಟ್ಟ ಗಿರಾಕಿಯನ್ನು ನೋಡುವ ಹಾಗೆ ಅದನ್ನು ನೋಡಿದಳು. 'ಮನೇಲಿ ರೇಡಿಯೋ ಹಾಕಿದ್ರೂ ಇವಳೇ. ಒಂದು ದಿನ ಈ ಹೆಂಗಸು ಕೈಗೆ ಸಿಗಲಿ ಅಕ್ಕ, ಬಾಯಿಗೆ ಡಬಲ್ ಹೊಲಿಗೆ ಹಾಕ್ತೀನಿ. ಬಿಚ್ಚೋಕೂ ಬರಬಾರದು, ಹಾಗೆ.'

ಮೂಟೆಯ ಅಮ್ಮನ ಕಣ್ಣು ತಾನಾಗಿ ಸೂಜಿಯ ಕಡೆ ಹೋಯಿತು. ದಾರ ಕೆಂಪಗಿತ್ತು. ನಗು ಬಂತು, ನಗುವಿನ ಹಿಂದೆಯೇ ಭಯವೂ ಬಂತು. ಏನಾದರೂ ಹೇಳಿ ಮುಗಿಸಿಬಿಡಬಹುದಿತ್ತು. ಸಮಾಧಾನವಾಗಿ ಕುಡಿಸಿ, ಬರುತ್ತೆ. ಚೆನ್ನಾಗಿ ನೀರು ಕುಡಿಯಿರಿ, ಬರುತ್ತೆ. ಅಂಥ ಸಾಲುಗಳು ಅವಳ ನಾಲಗೆಯ ಮೇಲೆ ಸಾಲುಗಟ್ಟಿ ನಿಂತಿರುತ್ತವೆ, ಯಾವುದನ್ನು ಕರೆದರೂ ಬರುತ್ತದೆ. ಅತ್ತೆಯ ಎದುರಿಗೆ ಮರ್ಯಾದೆ ಉಳಿಯುತ್ತದೆ, ಮನೆಗೆ ಹೋಗಿ ಶಾಲಿನ ಪೆಟ್ಟಿಗೆ ತೆಗೆಯಬಹುದು. ಆಗ ಅಂಗಿಯೊಳಗಿನ ಮಗು ಅತ್ತಿತು. ಮಕ್ಕಳ ಅಳುವಿನಲ್ಲಿ ಅವಳಿಗೆ ಗೊತ್ತಿಲ್ಲದ್ದು ಯಾವುದೂ ಇಲ್ಲ ಎಂದುಕೊಂಡಿದ್ದಳು: ಹಟದ್ದು, ನಿದ್ದೆಯದ್ದು, ಇರುವೆ ಕಚ್ಚಿದ್ದು. ಇದು ಅವಳ ಗಂಟಲಿಂದ ಯಾವತ್ತೂ ಹೊರಟದ್ದಲ್ಲ. ಸಣ್ಣ, ಒಣ ಅಳು, ಶುರುವಾಗಿ ಅಲ್ಲೇ ನಿಲ್ಲುತ್ತಿತ್ತು, ಅಳುವುದಕ್ಕೂ ತ್ರಾಣ ಸಾಲದವರ ಹಾಗೆ. ಗಾಜಿನ ಕೋಣೆಯೊಳಗೆ ಹೊಟ್ಟೆ ತುಂಬ ಉಂಡು ಅಳುವ ತನ್ನ ಕರಡಿಮರಿ ನೆನಪಾಗಿ ಅವಳಿಗೆ ನಾಚಿಕೆಯಾಯಿತು. ಎದೆಯಲ್ಲೇನೂ ಚುಚ್ಚಲಿಲ್ಲ. ಕಣ್ಣು ಮಾತ್ರ ಉರಿದು ತುಂಬಿಕೊಂಡಿತು. ಬಗ್ಗಿ ಚೀಲ ತೆಗೆದಳು, ಟವೆಲು ಬಿಚ್ಚಿದಳು, ಬಾಟಲಿಯನ್ನು ಎದುರಿನ ಖಾಲಿ ಕುರ್ಚಿಯ ಮೇಲೆ ನೆಟ್ಟಗೆ ನಿಲ್ಲಿಸಿದಳು.

'ನಾನು ಡಬ್ಬಿ ಹಾಲು ಕೊಡ್ತೀನಿ,' ಎಂದಳು. ಮೂಗು ಕಟ್ಟಿದ ದನಿ ತಾನಾಗಿ ಬಿಟ್ಟುಹೋಗಿತ್ತು. 'ನನಗೂ ಸರಿಯಾಗಿ ಬರಲ್ಲ. ಇವಳು ಹೀಗಿರೋದು ಅದರಿಂದ. ಮನಸ್ಸು ಇದೆ, ಹಾಲು ಇಲ್ಲ, ಎರಡೂ ಬೇರೆ ಬೇರೆ. ಇನ್ನೊಂದು ವಿಷಯ, ಆ ಸ್ಪೀಕರಿನ ಹೆಂಗಸು ನಾನೇ.'

ದರ್ಜಿ ಹೆಂಗಸು ಬಾಟಲಿ ನೋಡಿದಳು, ಇವಳ ಬಾಯಿ ನೋಡಿದಳು. ಕೈ ಸೂಜಿಯ ಕಡೆ ಹೋಗಲಿಲ್ಲ, ಅದೊಂದು ಸಮಾಧಾನ. ಇವಳು ಅತ್ತೆಯ ಕಡೆ ತಿರುಗುವ ಧೈರ್ಯ ಮಾಡಲಿಲ್ಲ. ಕನ್ನಡಕ ತೆಗೆಯುವ ಸಪ್ಪಳಕ್ಕಾಗಿ ಕಾದಳು. ಅದರ ಬದಲು ಚರ್ಮದ ಚೀಲದ ಜಿಪ್ಪಿನ ಸಪ್ಪಳ ಕೇಳಿಸಿತು. ಅತ್ತೆಯ ಕೈ ಅವಳ ಮುಂದಿನಿಂದ ಹಾದು, ಆ ಕುರ್ಚಿಯ ಮೇಲೆ, ಅವಳ ಬಾಟಲಿಯ ಪಕ್ಕ, ಇನ್ನೊಂದು ಬಾಟಲಿಯನ್ನಿಟ್ಟಿತು. ಕುದಿಸಿ, ಬಿಳಿ ಬಟ್ಟೆಯಲ್ಲಿ ಸುತ್ತಿ, ಹಾಲಿನ ಪುಡಿಯ ಪುಟ್ಟ ಡಬ್ಬಿ ಸಮೇತ.

'ವಿಶ್ವಕೋಶದ ಹಿಂದೆ ಇಟ್ಟಿದ್ದೀನಿ,' ಎಂದರು ಅತ್ತೆ ಪಿಸುದನಿಯಲ್ಲಿ. 'ಅದನ್ನ ಯಾರೂ ತೆಗೆಯಲ್ಲ ಅಂತ ಗೊತ್ತಿತ್ತು.'

'ಅತ್ತೆ!'

'ನೀನು ಇಟ್ಟುಹೋಗೋದು ಸಾಲ್ತಿರಲಿಲ್ಲ ಕಣೇ. ಅಳೋದು. ಹೇಳಿದ್ರೆ ನಿನಗೆ ನೋವಾಗುತ್ತೆ ಅಂತ ಸುಮ್ಮನಿದ್ದೆ. ನಾನು ಹೆತ್ತ ಮೇಲೆ ಬೇಗ ಗ್ರಂಥಾಲಯಕ್ಕೆ ಹೋಗಬೇಕಾಯ್ತು. ನಿನ್ನ ಗಂಡನಿಗೆ ಪೂರ್ತಿ ಡಬ್ಬಿನೇ. ಲೆಕ್ಕದಲ್ಲಿ ಫೇಲಾದ್ರೂ ಡಬ್ಬಿ ಹಾಲಿನ ಮಗ, ಬಿದ್ದು ಮಂಡಿ ಒಡ್ಕೊಂಡ್ರೂ ಡಬ್ಬಿ ಹಾಲಿನ ಮಗ. ನಮ್ಮತ್ತೆ ಸಾಯೋವರೆಗೂ ಅಂದ್ರು. ನಿನ್ನ ಬಗ್ಗೆ ಯಾರೂ ಒಂದು ಮಾತು ಅನ್ನಬಾರದು ಅಂತ, ಅವರಿಗಿಂತ ಮೊದಲು ನಾನೇ ಕೂಗಿಬಿಡ್ತಿದ್ದೆ.' ಅತ್ತೆ ಆ ಬಿಳಿ ಬಟ್ಟೆಯನ್ನು ಮಡಿಸಿ ಮಡಿಸಿ ಇಟ್ಟರು. ಅವಳಿಗೆ ಅವರನ್ನು ತಬ್ಬಿಕೊಳ್ಳಬೇಕು ಎನ್ನಿಸಿತು, ತೊಡೆಯ ಮೇಲಿನ ಮೂಟೆ ಅಡ್ಡವಾಗಿತ್ತು. ಹಾಗಾಗಿ ಮೂಟೆ ಸಮೇತ ಅವರ ಮೇಲೆ ಒರಗಿದಳು.

ಗದ್ದಲ ಕೇಳಿ ನರ್ಸಮ್ಮ ಬಂದಳು. ಎರಡು ಬಾಟಲಿ ನೋಡಿ ಸೊಂಟದ ಮೇಲೆ ಕೈಯಿಟ್ಟಳು. 'ಅದಕ್ಕೇ ತಕ್ಕಡಿ ಬಾಯಿ ಬಿಡ್ತಿತ್ತು. ಇವರು ಅರ್ಧ, ಅವರು ಅರ್ಧ. ಆದ್ರೂ ಲೆಕ್ಕ ಹೊಂದಲ್ಲವಲ್ಲ, ಮನೇಲಿ ಇನ್ಯಾರಿದ್ದಾರೆ?' ಅತ್ತೆ ಸೊಸೆ ಮುಖ ಮುಖ ನೋಡಿಕೊಂಡರು. ಅವಳು ಗಂಡನಿಗೆ ಫೋನು ಮಾಡಿದಳು. ಆಚೆ ಕಡೆ ಯಾವುದೋ ಲಿಫ್ಟಿನ ಕೆಳಗಿನ ಹಳ್ಳದೊಳಗಿಂದ ಕಬ್ಬಿಣದ ಸದ್ದು ಬರುತ್ತಿತ್ತು. ಮೂಟೆಗೆ ಏನಾದ್ರೂ ಕೊಡ್ತಿದ್ದೀರಾ ಎಂದು ಕೇಳಿದ್ದಕ್ಕೆ ಸದ್ದು ಗಕ್ಕನೆ ನಿಂತಿತು.

'ಬೆಳಗಿನ ಜಾವ ಮಾತ್ರ ಕಣೇ,' ಎಂದ ಗಂಡ. 'ನೀವಿಬ್ರೂ ಮಲಗಿರ್ತೀರಿ, ಪಾಪ ಎಬ್ಬಿಸೋದ್ಯಾಕೆ ಅಂತ. ಸ್ಪ್ಯಾನರ್ ಚೀಲದಲ್ಲಿದೆ ಡಬ್ಬಿ. ಅಮ್ಮನಿಗೆ ಹೇಳಬೇಡ.'

ಫೋನು ಸ್ಪೀಕರಿನಲ್ಲಿತ್ತು. ಅತ್ತೆ ಕನ್ನಡಕ ತೆಗೆದರು, ಒರೆಸಿಕೊಂಡು ಮತ್ತೆ ಹಾಕಿಕೊಂಡರು. ಆಮೇಲೆ, ಜೀವಮಾನವಿಡೀ ಬೇರೆಯವರನ್ನು ಸುಮ್ಮನಿರಿಸಿದ ಹೆಂಗಸು, ಕೋಣೆಯಲ್ಲಿದ್ದ ನಾಲ್ಕು ಮಕ್ಕಳು ಎದ್ದು ಕೂರುವ ಹಾಗೆ ನಕ್ಕರು.

ನರ್ಸಮ್ಮ ನಗಲಿಲ್ಲ. ದರ್ಜಿ ಹೆಂಗಸಿನ ಮಗುವನ್ನು ಎತ್ತಿ ಕೆನ್ನೆಗೊತ್ತಿ ನೋಡಿ ಒಳಗೆ ಹೋದಳು. ಡಾಕ್ಟರಿಗೆ ಫೋನು ಮಾಡಿ ಕೇಳಿಕೊಂಡು ಹೊರಗೆ ಬಂದು, ಅತ್ತೆಯ ಬಾಟಲಿಯನ್ನು ಮತ್ತೊಮ್ಮೆ ಕುದಿಸಿ, ಪುಡಿಯ ಡಬ್ಬಿ ತಿರುಗಿಸಿ ನೋಡಿ, ತಾನೇ ಅಳತೆ ಮಾಡಿ ಹಾಲು ಕಲಸಿ ಕೊಟ್ಟಳು. 'ಮೊದಲು ಎದೆಗೆ ಹಾಕ್ಕೋ. ಬಂದಷ್ಟು ಬರಲಿ. ಮಿಕ್ಕಿದ್ದು ಇದು. ಎದೆ ಬಿಡಿಸಬೇಡ, ಇದಕ್ಕೆ ನಾಚ್ಕೋಬೇಡ. ಡಾಕ್ಟರು ಬಂದ ಮೇಲೆ ತೋರಿಸಿಯೇ ಹೋಗಬೇಕು,' ಎಂದಳು. ಅತ್ತೆ ಸೊಸೆಯ ಕಡೆ ತಿರುಗಿ, 'ನಿಮ್ಮನೇಲಿ ಇವತ್ತಿಂದ ಒಂದೇ ಡಬ್ಬಿ. ಯಾರದ್ದು ಅಂತ ನೀವೇ ಚೀಟಿ ಎತ್ತಿ' ಎಂದಳು.

ದರ್ಜಿ ಹೆಂಗಸು ಗೋಡೆ ಕಡೆ ತಿರುಗಿ ಹೇಳಿದ ಹಾಗೇ ಮಾಡಿದಳು. ಆಮೇಲೆ ಬಾಟಲಿ ಹಿಡಿದಳು. ಮಗು ಮೊದಲು ಮುಖ ಸಿಂಡರಿಸಿತು, ನಾಲಗೆಯಿಂದ ತಳ್ಳಿತು, ಇನ್ನೇನು ಬೇಡವೆನ್ನುತ್ತದೆ ಎನ್ನುವಾಗ ಗಬಕ್ಕನೆ ಹಿಡಿದುಕೊಂಡಿತು. ಕಿವಿಯ ಕೆಳಗಿನ ಸಣ್ಣ ದವಡೆ ಒಂದೇ ಸಮನೆ ಆಡುತ್ತಿತ್ತು. ಬಾಟಲಿ ಮುಗಿಯುವ ಮೊದಲೇ ಮಗು ತಾನಾಗಿ ಬಾಯಿ ಬಿಟ್ಟು, ತುಟಿಯಂಚಿನಲ್ಲಿ ಒಂದು ಹನಿ ಉಳಿಸಿಕೊಂಡು, ತಾಯಿಯ ತೋಳಿನ ಮೇಲೆ ಭಾರವಾಗಿ ಬಿತ್ತು. ದರ್ಜಿ ಹೆಂಗಸು ಅಳತೆಯ ಟೇಪಿನ ತುದಿಯಿಂದಲೇ ಕಣ್ಣೊರೆಸಿಕೊಂಡಳು.

'ಆ ದನೀಲಿ ಒಂದು ಸಲ ಹೇಳಿ ಅಕ್ಕ,' ಎಂದಳು.

'ಏನಂತ?'

'ಇವನಿಗೆ ಸಾಕಾಯ್ತು ಅಂತ. ನೀವು ಹೇಳಿದ್ರೆ ನಂಬ್ತೀನಿ. ಇಷ್ಟು ದಿನ ನಂಬಿದ್ದೇ ನಿಮ್ಮ ಮಾತು.'

ಅವಳು ಬೆನ್ನು ನೆಟ್ಟಗೆ ಮಾಡಿಕೊಂಡಳು. ಗಾಜಿನಾಚೆ ಯಾರೂ ಇರಲಿಲ್ಲ, ಇನ್ನೊಂಚೂರು ಹಾಕಿ ಎನ್ನುವವರೂ ಇರಲಿಲ್ಲ. ಉಸಿರೆಳೆದುಕೊಂಡು, ಆ ಇಂಪಾದ, ಊರೆಲ್ಲ ಕೇಳಿದ ದನಿಯಲ್ಲಿ ಹೇಳಿದಳು: 'ಮಗುವಿನ ಹೊಟ್ಟೆ ತುಂಬಿದೆ.'

ಕೋಣೆಯಲ್ಲಿದ್ದವರೆಲ್ಲ ಒಟ್ಟಿಗೆ ತಲೆಯೆತ್ತಿ ಸ್ಪೀಕರಿನ ಕಡೆ ನೋಡಿದರು, ಒಳಗಿಂದ ನರ್ಸಮ್ಮನೂ ಇಣುಕಿ ನೋಡಿದಳು. ಮೂಟೆ ಮಾತ್ರ ಅಲ್ಲಿ ನೋಡಲಿಲ್ಲ. ಅಮ್ಮನ ಮುಖವನ್ನೇ ನೋಡುತ್ತ, ಕೈ ಚಾಚಿ ಅವಳ ತುಟಿ ಹಿಡಿದುಕೊಂಡಳು.